ಹಿಂದಿನ ಡಬ್ಬಿ ಯಾರದು?

ಮಾಲಿಕ ಒಂದು ಕಾಗದ ಹೊರಡಿಸಿದಾಗಲೆಲ್ಲ ಡ್ರೈವರುಗಳ ಕೋಣೆಯಲ್ಲಿ ಒಂದು ನಗೆಪಾಟಲು ಆಗಿಯೇ ಆಗುತ್ತದೆ. ಹುಬ್ಬಳ್ಳಿಯಲ್ಲಿ ನೋಡಿದ್ದೇನೆ, ಮಸ್ಕತ್ತಿನಲ್ಲಿ ನೋಡಿದ್ದೇನೆ, ಅಮೆರಿಕದ ಓಕ್ಲ್ಯಾಂಡಿನ ಬಂದರಿನಲ್ಲೂ ನೋಡಿದೆ. ಕಾಗದ ಬರೆದವನು ನಗಿಸಲು ಬರೆದಿರುವುದಿಲ್ಲ. ಓದುವವರಿಗೆ ನಗುವಷ್ಟು ಪುರುಸೊತ್ತೂ ಇರುವುದಿಲ್ಲ. ಕೆಳಗೆ ಹೇಳಿರುವುದೆಲ್ಲ ಒಂದೇ ಕಾಗದದಿಂದ ಹುಟ್ಟಿದ್ದು. ನೀವು ನಕ್ಕರೆ ನನ್ನ ತಕರಾರಿಲ್ಲ. ನಾನು ಆಗ ನಗಲಿಲ್ಲ.

೧. ಕಾಗದ

ಎಲ್ಲರೂ ಕಂಪ್ಯೂಟರಿನೊಳಗೆ ಅಂಗಡಿ ತೆರೆಯುತ್ತಿದ್ದ ಕಾಲ ಅದು. ನಾಯಿಯ ಆಹಾರ, ಸೋಫಾ, ಟೊಮೆಟೊ, ಏನು ಬೇಕಾದರೂ ಪರದೆಯ ಮೇಲೆ ಒತ್ತಿದರೆ ಸಾಕು, ಮನೆ ಬಾಗಿಲಿಗೆ ಬರುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಸಾಮಾನುಗಳು ತಾವೇ ನಡೆದು ಬರುತ್ತವೆ ಅನ್ನುವ ಹಾಗೆ ಬರೆಯುತ್ತಿದ್ದವು. ತರುತ್ತಿದ್ದವರು ನಾವು. ಹಡಗಿನಿಂದ ಇಳಿದ ಕಂಟೇನರ್ ಡಬ್ಬಿಗಳನ್ನು ಲಾರಿಗೆ ಸಿಕ್ಕಿಸಿಕೊಂಡು ಗೋದಾಮಿಗೆ ಮುಟ್ಟಿಸುವ ಒಂದು ಸಣ್ಣ ಕಂಪನಿಯ ಡ್ರೈವರುಗಳು. ಬಂದರಿನ ಗೇಟಿನ ಮುಂದೆ ಮೂರು ತಾಸು, ನಾಲ್ಕು ತಾಸು ಸಾಲಿನಲ್ಲಿ ನಿಲ್ಲುತ್ತಿದ್ದೆವು. ನಿಂತ ಹೊತ್ತಿಗೆ ಪಗಾರ ಇರಲಿಲ್ಲ. ಉಚ್ಚೆ ಹೊಯ್ಯಲು ಜಾಗ ಇರಲಿಲ್ಲ. ನಾನು ಒಂದು ಅರ್ಜಿ ಬರೆದೆ. ನನ್ನನ್ನೂ ಸೇರಿಸಿ ಏಳು ಜನ ಸಹಿ ಹಾಕಿದೆವು.

ಅರ್ಜಿ ಕೊಟ್ಟ ಮುಂದಿನ ವಾರವೇ ಗೋಡೆಗೆ ಕಾಗದ ಬಿತ್ತು. ಇನ್ನು ಆರು ವಾರದೊಳಗೆ ಪ್ರತಿಯೊಬ್ಬ ಡ್ರೈವರೂ ಒಂದು ಲಾರಿಯ ಹಿಂದೆ ಎರಡು ಮೂರು ಡಬ್ಬಿ ಎಳೆಯುವ ಪರೀಕ್ಷೆ ಪಾಸು ಮಾಡಿ, ಲೈಸೆನ್ಸಿನ ಮೇಲೆ ಅದರ ಗುರುತು ಹಾಕಿಸಿಕೊಂಡು ಬರಬೇಕು. ಇಲ್ಲದಿದ್ದರೆ ಕೆಲಸ ಇಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ. ಸಹಿ ಹಾಕಿದ ಏಳು ಜನರಲ್ಲಿ ಇಂಗ್ಲಿಷ್ ಸರಾಗವಾಗಿ ಓದಬಲ್ಲವರು ಇಬ್ಬರು. ಕಾಗದ ಯಾಕೆ ಬಂತು ಎಂದು ತಿಳಿಯಲು ದೊಡ್ಡ ತಲೆ ಬೇಕಾಗಿಲ್ಲ.

ಮ್ಯಾನೇಜರ್ ಮೀಟಿಂಗು ಕರೆದ. ಅವನು ಮಾಲಿಕನಿಗೆ ಹೆದರಿ ನಮ್ಮನ್ನು ಹೆದರಿಸುವ ಜಾತಿಯವನು. ನಾನು ಎದ್ದು ನಿಂತು, ಕಂಪನಿಯಲ್ಲಿ ಹಾಗೆ ಜೋಡಿಸುವ ಡಬ್ಬಿಗಳು ಎಷ್ಟಿವೆ ಎಂದು ಕೇಳಿದೆ. ಸದ್ಯಕ್ಕೆ ಒಂದೂ ಇಲ್ಲ ಎಂದ. ಮೂರು ಡಬ್ಬಿ ಎಳೆಯುವುದಕ್ಕೆ ಈ ರಾಜ್ಯದಲ್ಲಿ ಕಾನೂನೇ ಬಿಡುವುದಿಲ್ಲವಲ್ಲ ಎಂದೆ. ಅದು ಭವಿಷ್ಯದ ದೃಷ್ಟಿಯಿಂದ ಎಂದ.

ನನ್ನ ಪಕ್ಕದಲ್ಲಿ ಕಾಕಾ ಕೂತಿದ್ದ, ಅರ್ಜಿಗೆ ಸಹಿ ಹಾಕಿದವರಲ್ಲಿ ಒಬ್ಬ. ನನಗೆ ರಕ್ತಸಂಬಂಧವಲ್ಲ, ಬಾಗಲಕೋಟೆ ಕಡೆಯವನು, ಐವತ್ತೆಂಟು ವರ್ಷ. ಊರಲ್ಲಿ ಮೂವತ್ತು ವರ್ಷ ಲಾರಿ ಓಡಿಸಿ, ಹೆಂಡತಿಯ ಅಣ್ಣ ಕರೆಸಿಕೊಂಡನೆಂದು ಇಲ್ಲಿಗೆ ಬಂದು, ಇಲ್ಲೂ ಲಾರಿಯನ್ನೇ ಹತ್ತಿದವನು. ಕಾಕಿಗೆ ಸಕ್ಕರೆ ಕಾಯಿಲೆ. ಆಕೆಯ ಔಷಧಿ, ಕಣ್ಣಿನ ತಪಾಸಣೆ ಎಲ್ಲ ನಡೆಯುತ್ತಿದ್ದುದು ಕಾಕಾನ ಕೆಲಸದ ವಿಮೆಯ ಮೇಲೆ. ಕೆಲಸ ಹೋದರೆ ಔಷಧಿ ಹೋಯಿತು. ಐವತ್ತೆಂಟರ ಡ್ರೈವರನ್ನು ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ.

ಏನಂತಾನ ಇಂವ ಎಂದು ಕಾಕಾ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ. ಅವನು ಲೆಕ್ಕ ಹಾಕಿದ.

"ಅಂದ್ರ ಎರಡು ಡಬ್ಬಿ ಇವರ ಕಡೆ ಇಲ್ಲ. ಮೂರು ಡಬ್ಬಿ ಸರಕಾರ ಬಿಡೂದಿಲ್ಲ. ಇವೆರಡೂ ಕಲತ್ರ, ಈಗ ಓಡ್ಸೂ ಒಂದು ಡಬ್ಬಿ ಓಡ್ಸಾಕ ಬಿಡ್ತಾರ. ಹೌದಿಲ್ಲೋ?"

೨. ಪಾಠ

ಓಕ್ಲ್ಯಾಂಡಿನ ಪಕ್ಕದ ಹೇವರ್ಡಿನ ನನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಪಾಠ ಶುರು ಮಾಡಿದೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಗ್ಯಾರೇಜಿನಲ್ಲಿ ರದ್ದಿ ಪೇಪರು ಓದಿ ಓದುವುದನ್ನು ಕಲಿತವನು. ನನಗೆ ಯಾರೂ ಏನೂ ಕಲಿಸಲಿಲ್ಲವಾದ್ದರಿಂದ, ಕಲಿಸುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ಮೊದಲ ಸಂಜೆ, ದುಡಿತ ಅಂದರೆ ಏನು ಎಂಬುದರಿಂದ ಆರಂಭಿಸಿದೆ. ಎರಡನೇ ಸಂಜೆ, ಒಬ್ಬನಿಂದ ಇಬ್ಬರ ಕೆಲಸ ತೆಗೆಯುವ ಹುನ್ನಾರ ಎಲ್ಲಿಂದ ಬಂತು ಎಂದು ವಿವರಿಸಿದೆ. ಒಬ್ಬ ಡ್ರೈವರು, ಎರಡು ಡಬ್ಬಿ, ಒಂದೇ ಪಗಾರ; ಉಳಿದ ಇನ್ನೊಬ್ಬ ಡ್ರೈವರು ಎಲ್ಲಿಗೆ ಹೋದ ಎಂದು ಮೇಜು ಗುದ್ದಿ ಕೇಳಿದೆ. ಮೂರನೇ ಸಂಜೆ ಬಂದರು ಕೂಲಿಗಳ ಚಳವಳಿಯ ಇತಿಹಾಸ ಹೇಳಿದೆ. ಕಾಕಾ ಮೂರು ಸಂಜೆಯೂ ಕೈಕಟ್ಟಿ ಕೂತು, ಶ್ರದ್ಧೆಯಿಂದ ಕೇಳಿ, ಚಹಾ ಕುಡಿದು ಹೋದ. ಪರೀಕ್ಷೆಯ ಪುಸ್ತಕ ಫ್ರಿಜ್ಜಿನ ಮೇಲೆ ಇಟ್ಟಲ್ಲೇ ಇತ್ತು.

ನಾಲ್ಕನೇ ಸಂಜೆ ಅವನು ಬಹಳ ಸಂಕೋಚದಿಂದ ಕೇಳಿದ. "ತಮ್ಮಾ, ಸಿಟ್ಟಾಗಬ್ಯಾಡ. ಇದೆಲ್ಲಾ ಪರೀಕ್ಷಾದಾಗ ಬರತೈತೇನು?"

ಪರೀಕ್ಷೆಯಲ್ಲಿ ಬರುವುದಿಲ್ಲ, ಬದುಕಿನಲ್ಲಿ ಬರುತ್ತದೆ ಎಂದೆ.

"ಹಂಗಾರ ಮೊದಲ ಪರೀಕ್ಷಾ ಮುಗಸೂಣು," ಎಂದ ಕಾಕಾ. "ಆಮ್ಯಾಲ ಬದುಕೂಣು."

೩. ಅಕ್ಕಿ ಮತ್ತು ಹಪ್ಪಳ

ಪುಸ್ತಕದಲ್ಲಿ ಒಂದು ಮುಖ್ಯ ವಿಷಯ ಇತ್ತು. ಎರಡು ಡಬ್ಬಿ ಎಳೆಯುವಾಗ ಡ್ರೈವರು ಸ್ಟಿಯರಿಂಗನ್ನು ತುಸು ಜೋರಾಗಿ ತಿರುಗಿಸಿದರೂ ಸಾಕು, ಮುಂದೆ ಅದು ಸಣ್ಣ ಅಲುಗಾಟ, ಹಿಂದಿನ ಡಬ್ಬಿಗೆ ಮುಟ್ಟುವಷ್ಟರಲ್ಲಿ ಚಾಟಿಯ ತುದಿಯಂತೆ ಬೀಸುತ್ತದೆ. ಆದ್ದರಿಂದ ಭಾರದ ಡಬ್ಬಿ ಮುಂದೆ ಇರಬೇಕು, ಹಗುರದ್ದು ಹಿಂದೆ. ಕಾಕಾ ಇದನ್ನು ಓದಿದ, ತಲೆಯಾಡಿಸಿದ, ಮರುದಿನ ಮರೆತ. ಕಣ್ಣಿಂದ ನೋಡದೆ ಏನೂ ತಲೆಗೆ ಹೋಗುವುದಿಲ್ಲ ಎಂದ.

ಅದಕ್ಕೆ ಭಾನುವಾರ ಕಾಕಿಯ ಸಂತೆ ಮುಗಿದ ಮೇಲೆ ಇಂಡಿಯನ್ ಗ್ರೋಸರಿಯ ಪಾರ್ಕಿಂಗ್ ಜಾಗದಲ್ಲಿ ಪ್ರಯೋಗ ಮಾಡಿದೆವು. ಸಾಮಾನು ತುಂಬುವ ತಳ್ಳುಗಾಡಿ ಎರಡನ್ನು ಕಾಕಿಯ ಹಳೇ ಸೀರೆಯ ಅಂಚಿನಿಂದ ಒಂದರ ಹಿಂದೆ ಒಂದು ಕಟ್ಟಿದೆವು. ತಪ್ಪು ಮಾಡಿದರೆ ಏನಾಗುತ್ತದೆ ಎಂದು ತೋರಿಸುವುದಕ್ಕೆ, ನಾನು ಬೇಕೆಂದೇ ಹಗುರವಾದ ಹಪ್ಪಳದ ಕಟ್ಟುಗಳನ್ನು ಮುಂದಿನ ಗಾಡಿಯಲ್ಲಿಟ್ಟು ಅಕ್ಕಿಯ ಚೀಲಗಳನ್ನು ಹಿಂದಿನದರಲ್ಲಿ ಇಟ್ಟೆ. ಕಾಕಾ ಎಳೆದುಕೊಂಡು ಓಡಿದ. ಈಗ ಎಡಕ್ಕೆ ತಿರುಗು ಎಂದೆ. ತಿರುಗಿದ. ಹಿಂದಿನ ಗಾಡಿ ಬೀಸಿ ಬಂದು ಹೊಚ್ಚ ಹೊಸ ಕಾರೊಂದರ ಪಕ್ಕಕ್ಕೆ ಗೇಣಿನಷ್ಟು ದೂರದಲ್ಲಿ ಹಾದು, ಕಸದ ಡಬ್ಬಕ್ಕೆ ಬಡಿದು ಮಗುಚಿತು. ಒಂದು ಚೀಲ ಒಡೆದು ಸೋನಾ ಮಸೂರಿ ಡಾಂಬರಿನ ಮೇಲೆಲ್ಲ ಹರಡಿತು.

ಕಾರಿನವನು ಇಳಿದ. ಕೊರಳಲ್ಲಿ ಆಫೀಸಿನ ಬಿಲ್ಲೆ, ಅಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನ ಹೊಸ ಮನೆಗಳವನು. ಬೆಂಗಳೂರಿನ ಕನ್ನಡದಲ್ಲಿ, ಏನ್ ಸಾರ್ ಇದು, ನಿಮ್ಮಂಥವರಿಂದಲೇ ನಮ್ಮ ಇಮೇಜು ಹಾಳಾಗುತ್ತೆ ಎಂದ. ಅವನ ಮನೆಯ ಸೋಫಾ ಯಾರು ತಂದಿದ್ದು ಎಂದು ನಾನು ಕೇಳಲು ಬಾಯಿ ತೆರೆದೆ. ಕಾಕಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಅವನಿಗೆ ಏನೂ ಹೇಳಲಿಲ್ಲ. ಕೂತು, ಮೇಲಿನ ಅಕ್ಕಿಯನ್ನು ಸೆರಗಿಗೆ ಬಳಿದುಕೊಳ್ಳುತ್ತ ನನಗೂ ಕಾಕಾನಿಗೂ ಸೇರಿಸಿ ಹೇಳಿದಳು:

"ಅಕ್ಕಿ ಮುಂದ, ಹಪ್ಪಳ ಹಿಂದ. ಯಾವ ಹೆಣ್ಣಮಗಳನ್ನ ಕೇಳಿದ್ರೂ ಹೇಳ್ತಿದ್ಲು. ಇದಕ್ಕ ಸರಕಾರ ಪುಸ್ತಕ ಮಾಡೇತಿ, ನೀವಿಬ್ರು ನನ್ನ ಅಕ್ಕಿ ಚೆಲ್ಲೀರಿ."

ಅಂದಿನಿಂದ ಕಾಕಾ ಆ ಪ್ರಶ್ನೆ ತಪ್ಪಲಿಲ್ಲ. ಭಾರದ ಡಬ್ಬಿ ಎಲ್ಲಿ ಎಂದರೆ, ನಿದ್ದೆಯಲ್ಲೂ ಅಕ್ಕಿ ಮುಂದ ಅನ್ನುತ್ತಿದ್ದ.

೪. ತಜ್ಞ

ಮೂರನೇ ವಾರ ಕಂಪನಿ ನಮಗೆ ತರಬೇತಿ ಕೊಡುತ್ತದೆ ಎಂದರು. ಮೌಂಟನ್ ವ್ಯೂ ಕಡೆಯಿಂದ ಒಬ್ಬ ತಜ್ಞ ಬಂದ. ಸಾಮಾನು ಸಾಗಿಸುವುದನ್ನು ಹೇಗೆ ಸುಧಾರಿಸಬೇಕು ಎಂದು ಕಂಪನಿಗಳಿಗೆ ಹೇಳಿಕೊಡುವುದು ಅವನ ಉದ್ಯೋಗವಂತೆ. ಎರಡು ಡಬ್ಬಿಯ ಉಪಾಯ ಮಾಲಿಕನ ತಲೆಗೆ ಹಾಕಿದವನೂ ಅವನೇ. ಗೋಡೆಯ ಮೇಲೆ ಬೆಳಕು ಬಿಟ್ಟು ಚಿತ್ರಗಳನ್ನು ತೋರಿಸಿದ. ಚಿತ್ರದಲ್ಲಿ ಲಾರಿ ನಗುತ್ತಿತ್ತು. ನಿಜವಾಗಿ ನಗುತ್ತಿತ್ತು, ಬಂಪರಿನ ಜಾಗದಲ್ಲಿ ಬಾಯಿ ಬರೆದಿದ್ದರು.

ಆಮೇಲೆ ಯಾರ್ಡಿಗೆ ಕರೆದುಕೊಂಡು ಹೋದ. ಅವತ್ತಿನ ಮಟ್ಟಿಗೆ ಬಾಡಿಗೆಗೆ ತರಿಸಿದ ಒಂದು ಜೋಡಿ ಡಬ್ಬಿ ನಿಂತಿತ್ತು. ಎರಡು ಡಬ್ಬಿಗಳ ನಡುವೆ ಒಂದು ಗಾಲಿಯ ಚೌಕಟ್ಟು ಇರುತ್ತದೆ, ಅದಕ್ಕೆ ಡಾಲಿ ಅನ್ನುತ್ತಾರೆ. ಹಿಂದಿನ ಡಬ್ಬಿ ಅದರ ಮೇಲೆ ಕೂರುತ್ತದೆ. ಅದರ ಮೂತಿಯ ಕಬ್ಬಿಣದ ತೋಳು ಮುಂದಿನ ಡಬ್ಬಿಯ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಬಿಚ್ಚುವಾಗ ಮೊದಲು ಡಾಲಿಯನ್ನು ಹಿಂದಿನ ಡಬ್ಬಿಯ ಅಡಿಯಿಂದ ಹೊರಗೆ ತರಬೇಕು, ಆಮೇಲೆ ಕೊಂಡಿ ಬಿಚ್ಚಬೇಕು. ಅಡಿಯಲ್ಲಿ ಇರುವಾಗಲೇ ಬಿಚ್ಚಿದರೆ ಆ ತೋಳು ಮೇಲಕ್ಕೆ ಹಾರಬಹುದು. ಎದುರಿಗಿದ್ದವನ ದವಡೆ ಉಳಿಯುವುದಿಲ್ಲ.

ತಜ್ಞ ನೇರವಾಗಿ ಹೋಗಿ, ಅಂಗಿಯ ತೋಳು ಮಡಚಿ, ಬಗ್ಗಿ ಕೊಂಡಿಗೆ ಕೈ ಹಾಕಿದ. ನಾವು ಏಳು ಜನ ನಿಂತಿದ್ದೆವು. ನಾನು, ಅವನ ಮೇಲೆ ಅಷ್ಟೊಂದು ಸಿಟ್ಟಿದ್ದವನು, ಬಾಯಿ ಬಿಡದೆ ನೋಡುತ್ತಿದ್ದೆ. ಇದನ್ನು ಬರೆಯಲು ನನಗೆ ಹೆಮ್ಮೆಯಿಲ್ಲ. ಕಾಕಾ ಒಂದೇ ಹೆಜ್ಜೆಗೆ ಮುಂದೆ ಹೋಗಿ, ಅವನ ಕೊರಳಪಟ್ಟಿ ಹಿಡಿದು, ಬೆಕ್ಕಿನ ಮರಿಯನ್ನು ಎತ್ತಿದ ಹಾಗೆ ಹಿಂದಕ್ಕೆ ಎಳೆದು ನೆಲದ ಮೇಲೆ ಕೂರಿಸಿದ.

ತಜ್ಞನಿಗೆ ಮೊದಲು ಸಿಟ್ಟು ಬಂತು. ಯಾಕೆ ಎಂದು ನಾನು ವಿವರಿಸಿದ ಮೇಲೆ ಮುಖ ಬಿಳಿಚಿತು. ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದ. ಕಾಕಾನ ಕೈ ಕುಲುಕಿದ. ನಂತರ ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಪೆನ್ನು ಹಿಡಿದು ಕಾಕಾನನ್ನು ಕೇಳಿದ: ನೀವು ಈಗ ಮಾಡಿದ್ದನ್ನು ಚಿತ್ರದಲ್ಲಿ ಹೇಗೆ ತೋರಿಸಬಹುದು?

೫. ನನ್ನ ಹೋರಾಟ

ಕಾಕಾನಿಗಿಂತ ಒಂದು ವಾರ ಮೊದಲು ನಾನು ಪರೀಕ್ಷೆಗೆ ಕೂತೆ. ಇಪ್ಪತ್ತು ಪ್ರಶ್ನೆ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುವುದು. ನಾಲ್ಕು ತಪ್ಪಿದರೂ ಪಾಸು, ಐದನೆಯದು ತಪ್ಪಿದರೆ ನಪಾಸು.

ಕೆಲವು ಪ್ರಶ್ನೆಗಳಿಗೆ ಅವರಿಗೆ ಬೇಕಾದ ಉತ್ತರ ನನಗೆ ಗೊತ್ತಿತ್ತು. ಗಾಡಿ ಹೊರಡುವ ಮೊದಲು ಎಲ್ಲ ಸರಿಯಿದೆ ಎಂದು ನೋಡುವ ಹೊಣೆ ಯಾರದು? ಅವರಿಗೆ ಬೇಕಾದದ್ದು: ಡ್ರೈವರದು. ಸವೆದ ಟೈರು ಕೊಟ್ಟವನು ಯಾರು, ಮುರಿದ ಕೊಂಡಿ ರಿಪೇರಿ ಮಾಡಿಸದವನು ಯಾರು ಎಂದು ಆ ಕಾಗದ ಕೇಳಲಿಲ್ಲ. ನಾನು ಉದ್ದೇಶಪೂರ್ವಕವಾಗಿ ಬೇರೆ ಉತ್ತರಕ್ಕೆ ಗುರುತು ಹಾಕಿದೆ. ಅಂಥವು ನಾಲ್ಕು ಸಿಕ್ಕವು. ನಾಲ್ಕಕ್ಕೂ ಹಾಗೇ ಮಾಡಿದೆ. ಪಾಸಾದೆ.

ಸಂಜೆ ಕಾಕಾನ ಮನೆಗೆ ಹೋಗಿ ಇದನ್ನು ಎದೆಯುಬ್ಬಿಸಿ ಹೇಳಿದೆ. ಸರಕಾರದ ಕಾಗದದ ಮೇಲೆಯೇ ನಾಲ್ಕು ಸಲ ಪ್ರತಿಭಟಿಸಿ ಬಂದಿದ್ದೇನೆ, ಯಾರಾದರೂ ಒಬ್ಬ ಓದುತ್ತಾನೆ ಎಂದೆ. ಕಾಕಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಮೆಚ್ಚಿಕೊಂಡ. ಆಮೇಲೆ ಕೇಳಿದ, ಅಂಥ ಪ್ರಶ್ನೆ ಬರೇ ನಾಲ್ಕೇ ಇದ್ದವೇನು?

ಐದನೆಯದೂ ಇತ್ತು ಎಂದೆ.

"ಅದಕ್ಕೇನು ಬರದಿ?"

ನಾನು ರೊಟ್ಟಿ ತಿನ್ನುವುದರಲ್ಲಿ ಮಗ್ನನಾದೆ. ಕಾಕಿ ಬಡಿಯುವುದನ್ನು ನಿಲ್ಲಿಸದೆ ಗಂಡನಿಗೆ ಹೇಳಿದಳು, "ಸುಮ್ನಿರ್ರಿ. ಮಾಫಿ ಎಷ್ಟೈತೋ ಅಷ್ಟ ಹೋರಾಟ ಮಾಡ್ಯಾನ, ಪಾಪ."

೬. ಆಡಬಾರದ ಮಾತು

ಐದನೇ ವಾರ ಕಾಕಾ ಪರೀಕ್ಷೆಗೆ ಹೋದ. ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಗಾಳಿಯ ನಳಿಕೆ, ಬ್ರೇಕು, ಕೊಂಡಿ, ಯಾವುದನ್ನು ಕೇಳಿದರೂ ಹೇಳುತ್ತಿದ್ದ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ತಡವಾದರೂ ಸರಿಯಾಗಿ ಓದುತ್ತಿದ್ದ.

ನಪಾಸಾಗಿ ಬಂದ. ಹದಿನೈದು ಸರಿ. ಐದಕ್ಕೆ ಉತ್ತರವನ್ನೇ ಬರೆದಿರಲಿಲ್ಲ. ಆ ಐದೂ ಒಂದೇ ಬಗೆಯ ಪ್ರಶ್ನೆಗಳು: ಯಾವ ಡಬ್ಬಿ ಪಲ್ಟಿಯಾಗುತ್ತದೆ, ಯಾವಾಗ ಆಗುತ್ತದೆ, ಹೇಗೆ ತಿರುಗಿಸಿದರೆ ಆಗುತ್ತದೆ. ಇವನ್ನೆಲ್ಲ ಅವನು ಮನೆಯಲ್ಲಿ ಬಲ್ಲವನಾಗಿದ್ದ. ಆದರೆ ಈಗ ಯೋಚಿಸಿ ನೋಡಿದರೆ, ಪಾಠದಲ್ಲೂ ಆ ಪುಟ ಬಂದಾಗಲೆಲ್ಲ ಅವನು ಬರೀ ತಲೆಯಾಡಿಸುತ್ತಿದ್ದ, ಬಾಯಲ್ಲಿ ಹೇಳುತ್ತಿರಲಿಲ್ಲ.

ಯಾಕೆ ಬಿಟ್ಟೆ ಎಂದು ಕೇಳಿದೆ.

"ಆ ಮಾತು ಆಡಬಾರದು ತಮ್ಮಾ. ಮೂವತ್ತು ವರ್ಷ ಗಾಡಿ ಹೊಡದೀನಿ. ಗಾಡಿ ಬಗ್ಗೆ ಆ ಮಾತು ನನ್ನ ಬಾಯಾಗ ಬಂದಿಲ್ಲ. ನನ್ನ ಗಾಡೀನೂ ಹಂಗ ಆಗಿಲ್ಲ."

ಬಾಯಲ್ಲಿ ಆಡುವುದಲ್ಲವಲ್ಲ, ಗುರುತು ಹಾಕುವುದಲ್ಲವೇ ಎಂದೆ. ಬರೆಯುವುದು ಆಡುವುದಕ್ಕಿಂತ ಹೆಚ್ಚು, ಅದು ಅಳಿಸುವುದಿಲ್ಲ ಎಂದ.

ನಾನು ಮೂಢನಂಬಿಕೆಯ ವಿರುದ್ಧ ಎರಡು ತಾಸು ಮಾತಾಡಿದೆ. ರಸ್ತೆಯ ಮೇಲೆ ಗಾಡಿ ಪಲ್ಟಿಯಾಗುವುದು ಮಾತಿನಿಂದಲ್ಲ, ಅತಿಭಾರ ಹೇರಿದ ಮಾಲಿಕನಿಂದ, ನಿದ್ದೆ ಕೊಡದ ಪಾಳಿಯಿಂದ ಎಂದೆ. ಕಾಕಾ ಎಲ್ಲದಕ್ಕೂ ಹೌದು ಅಂದ. ಆದರೂ ಬರೆಯುವುದಿಲ್ಲ ಅಂದ. ಗಡುವಿನೊಳಗೆ ಇನ್ನು ಉಳಿದದ್ದು ಒಂದು ಅವಕಾಶ, ಆ ಶುಕ್ರವಾರದ್ದು. ನಾನು ಕಿರುಚಾಡಿದೆ, ಕಾಕಿಯ ಔಷಧಿಯ ಡಬ್ಬಿ ತಂದು ಅವನ ಎದುರಿಗೆ ಇಟ್ಟೆ. ಅದು ಮಾಡಬಾರದ ಕೆಲಸ. ಕಾಕಾನ ಕಣ್ಣಲ್ಲಿ ನೀರು ಬಂತು. ಕೈ ಮುಗಿದ. ನನ್ನ ಕೈಲಿ ಆಗೂದಿಲ್ಲೋ ಎಂದ.

ಆಗ ಕಾಕಿ ಆ ಔಷಧಿಯ ಡಬ್ಬಿಯನ್ನು ಎತ್ತಿ ಅದರ ಜಾಗದಲ್ಲಿ ಇಟ್ಟು ಬಂದು ಗಂಡನ ಎದುರು ಕೂತಳು. ಆ ಪ್ರಶ್ನೆಯೊಳಗಿನ ಗಾಡಿ ನಿಮ್ಮದೇ ಅಂತ ಯಾರು ಹೇಳಿದರು ಎಂದು ಕೇಳಿದಳು. ನಿಮ್ಮ ಹೆಸರು ಬರೆದಿದ್ದರೇನು? ಕಾಕಾ ಇಲ್ಲ ಎಂದ.

"ಹಂಗಾರ ಅದು ಮ್ಯಾನೇಜರಂದು ಅಂತ ತಿಳೀರಿ."

ಆ ಮನುಷ್ಯನಿಗೂ ಹೆಂಡತಿ ಮಕ್ಕಳಿದ್ದಾರೆ ಎಂದ ಕಾಕಾ. ನಿಜವಾಗಿ ಅಲ್ಲ, ಬರೇ ಕಾಗದದ ಮೇಲೆ ಎಂದಳು ಕಾಕಿ. ಆಮೇಲೆ ಬೇಕಾದರೆ ಏನಾದರೂ ಪರಿಹಾರ ಮಾಡಿಕೊಳ್ಳಿ ಎಂದಳು. ಕಾಕಾನ ಮುಖದಲ್ಲಿ ಬೆಳಕು ಬಂತು. ವಿಜ್ಞಾನ, ಇತಿಹಾಸ, ಎರಡು ತಾಸಿನ ನನ್ನ ಭಾಷಣ, ಯಾವುದಕ್ಕೂ ಜಗ್ಗದಿದ್ದ ಮನುಷ್ಯ, ಇಷ್ಟಕ್ಕೆ ಪೆನ್ಸಿಲು ಕೈಗೆತ್ತಿಕೊಂಡು ನನ್ನನ್ನು ಕೇಳಿದ:

"ಎರಡೂ ಡಬ್ಬಿ ಅಂವಂದ ಇರಲೋ, ಬರೇ ಹಿಂದಿಂದೋ?"

೭. ಶುಕ್ರವಾರ

ಲೈಸೆನ್ಸ್ ಆಫೀಸಿನ ಬೆಂಚಿನ ಮೇಲೆ ನಾನೂ ಕಾಕಿಯೂ ಕೂತಿದ್ದೆವು. ಕಾಕಾ ಒಳಗೆ ನಿಂತು ಬರೆಯುತ್ತಿದ್ದ. ಒಂದು ತಾಸು ಕಳೆದ ಮೇಲೆ ಕಾಗದವನ್ನು ಕಿಟಕಿಗೆ ಕೊಟ್ಟ. ಕಿಟಕಿಯ ಹೆಂಗಸು ದಪ್ಪ ಕನ್ನಡಕದವಳು, ನಿಷ್ಠುರದ ಮುಖ. ಕಾಗದ ನೋಡಿದಳು, ಹತ್ತಿರ ಹಿಡಿದಳು, ಕಾಕಾನನ್ನು ನೋಡಿದಳು. ಬೇರೆ ಭಾಷೆಯಲ್ಲಿ ಬದಿಗೆ ಏನೇನೋ ಬರೆದಿದ್ದೀರಿ, ಇದು ನಕಲು ಮಾಡಿದ್ದೋ ಹೇಗೆ ಎಂದು ಕೇಳಿದಳು. ನಕಲಾದರೆ ಕಾಗದ ರದ್ದು ಎಂದಳು. ಕಾಕಾನ ಇಂಗ್ಲಿಷ್ ಅಂಥ ಹೊತ್ತಿನಲ್ಲಿ ಕೈಕೊಡುತ್ತದೆ. ನನ್ನ ಕಡೆ ಬೆರಳು ತೋರಿಸಿದ.

ಹೋಗಿ ನೋಡಿದೆ. ಪಲ್ಟಿಯ ಪ್ರಶ್ನೆಗಳು ಈ ಸಲವೂ ಐದಿದ್ದವು. ಐದಕ್ಕೂ ಸರಿಯಾದ ಗುರುತು ಹಾಕಿದ್ದ. ಪ್ರತಿಯೊಂದರ ಪಕ್ಕದಲ್ಲೂ, ಯಾರಿಗೂ ಗೊಂದಲ ಆಗದಿರಲಿ ಎಂದು, ಗುಂಡಾದ ಅಕ್ಷರಗಳಲ್ಲಿ ಬರೆದಿದ್ದ: ಮ್ಯಾನೇಜರಂದು.

ಏನಿದು, ಹೇಳಿ ಎಂದಳು ಆಕೆ.

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಬಂದಿದ್ದರೆ ನಾನೂ ಎಲ್ಲೋ ಮ್ಯಾನೇಜರ್ ಆಗಿರುತ್ತಿದ್ದೆ. ಇದು ನಕಲೂ ಅಲ್ಲ, ಉತ್ತರವೂ ಅಲ್ಲ. ಪಲ್ಟಿಯಾಗುವ ಆ ಡಬ್ಬಿ ನಮ್ಮ ಮ್ಯಾನೇಜರನದು ಎಂದು ಬರೆದಿದ್ದಾನೆ ಎಂದೆ.

ಐದೂ ಕಡೆ? ಎಂದಳು.

ಐದೂ ಕಡೆ, ಎಂದೆ.

ಆಕೆ ಕಾಗದವನ್ನು ಮೇಜಿನ ಮೇಲೆ ಇಟ್ಟು, ಸಾವಕಾಶವಾಗಿ ತಪ್ಪು ಸರಿ ಎಣಿಸಿದಳು. ಒಂದೇ ತಪ್ಪು. ನಮ್ಮ ಹಿಂದೆ ಸಾಲಿನಲ್ಲಿದ್ದ ಡ್ರೈವರುಗಳು ಕತ್ತು ಚಾಚಿ ನೋಡುತ್ತಿದ್ದರು. ಆಕೆ ಹಿಂದೆ ತಿರುಗಿ, ಗಾಜಿನ ಕೋಣೆಯಲ್ಲಿ ಫೋನು ಹಿಡಿದು ಕೂತಿದ್ದ ತನ್ನ ಮೇಲಧಿಕಾರಿಯನ್ನು ಒಂದು ಕ್ಷಣ ನೋಡಿದಳು. ನಂತರ ಠಸ್ಸೆ ಒತ್ತಿದಳು. ಕಾಗದ ಕೊಡುವಾಗ ದನಿ ತಗ್ಗಿಸಿ ನನ್ನನ್ನು ಕೇಳಿದಳು, ಆ ಶಬ್ದವನ್ನು ನಿಮ್ಮ ಭಾಷೆಯಲ್ಲಿ ಬರೆಯುವುದು ಕಷ್ಟವೇ?

೮. ಪರಿಹಾರ

ಸೋಮವಾರ ಕಾಕಾ ಪಾಸಾದ ಕಾಗದವನ್ನು ಮ್ಯಾನೇಜರನ ಮೇಜಿನ ಮೇಲೆ ಇಟ್ಟ. ಅವನು ಓದಿ, ಒಳ್ಳೆಯದು ಎಂದ. ಆ ಒಳ್ಳೆಯದು ಎಂಬ ಮಾತು ಹಲ್ಲು ಕೀಳಿಸಿಕೊಂಡವನ ಬಾಯಿಂದ ಬಂದ ಹಾಗಿತ್ತು.

ನಾವೆಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆವು. ಕಾಕಾನಿಗೆ ಮುಗಿದಿರಲಿಲ್ಲ. ಒಬ್ಬ ಮನುಷ್ಯನ ಗಾಡಿಗೆ ಐದು ಸಲ ಹಾಗೆ ಮಾಡಿದ್ದೇನೆ, ಅದೂ ಸರಕಾರದ ಕಾಗದದ ಮೇಲೆ, ಠಸ್ಸೆ ಬೇರೆ ಬಿದ್ದಿದೆ ಎಂದು ಎರಡು ದಿನ ಊಟ ಬಿಟ್ಟ. ಬುಧವಾರ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಮೆಣಸಿನಕಾಯಿ ದಾರಕ್ಕೆ ಪೋಣಿಸಿ ಬಂಪರಿಗೆ ಕಟ್ಟುತ್ತಾರೆ, ಗಾಡಿಗೆ ಕೇಡಾಗದಿರಲಿ ಎಂದು. ಕಾಕಾ ತನ್ನ ಲಾರಿಗೆ ತಪ್ಪದೆ ಕಟ್ಟುತ್ತಿದ್ದ. ಆ ಬುಧವಾರ ಬೆಳಗ್ಗೆ ಮ್ಯಾನೇಜರನ ಕಾರಿಗೂ ಕಟ್ಟಿದ.

ಮ್ಯಾನೇಜರ್ ಅದನ್ನು ನೋಡಿದ ಹತ್ತು ನಿಮಿಷದೊಳಗೆ ನನ್ನನ್ನು ಕರೆಸಿದ. ಕಂಪನಿಯಲ್ಲಿ ನಲ್ಲಿ ಸೋರಿದರೂ ಮೊದಲು ನನ್ನನ್ನೇ ಕರೆಸುತ್ತಿದ್ದರು.

"ನನ್ನ ಕಾರಿಗೆ ಕಟ್ಟಿರುವುದು ಏನು?"

"ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ."

"ಯಾಕೆ?"

"ನಿಮ್ಮ ರಕ್ಷಣೆಗೆ."

ಅವನು ಎದ್ದು ಬಾಗಿಲು ಹಾಕಿಕೊಂಡ. "ಯಾರಿಂದ ರಕ್ಷಣೆ?"

ಸುಳ್ಳು ನನಗೆ ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ನಮ್ಮಿಂದ ಎಂದೆ. ನಮ್ಮವರಲ್ಲಿ ಒಬ್ಬರು ಕಳೆದ ಶುಕ್ರವಾರ ನಿಮ್ಮ ಗಾಡಿಯನ್ನು ಮನಸ್ಸಿನಲ್ಲಿ ಐದು ಸಲ ಉರುಳಿಸಿದ್ದಾರೆ, ಈಗ ಅವರಿಗೆ ನಿಮ್ಮ ಬಗ್ಗೆ ಚಿಂತೆಯಾಗಿದೆ ಎಂದೆ. ನಾನು ಸಮಾಧಾನ ಹೇಳುತ್ತಿದ್ದೇನೆ ಎಂದೇ ನನ್ನ ಭಾವನೆ. ಮ್ಯಾನೇಜರ್ ಕುರ್ಚಿಯಲ್ಲಿ ಕೂತುಬಿಟ್ಟ.

ಅಂಥದ್ದೇ ಕಾಕಾನ ಲಾರಿಗೂ ಕಟ್ಟಿರುವುದು ನೆನಪಾಗಿ ಅವನನ್ನು ಕರೆಸಿದ. ಪರೀಕ್ಷೆ ಪಾಸಾಗಿಯೂ ಕಾಕಾ ಈ ನಿಂಬೆಹಣ್ಣಿನಿಂದ ಕೆಲಸ ಕಳೆದುಕೊಳ್ಳುತ್ತಾನೆ, ಬೆದರಿಕೆ ಹಾಕಿದ ಎಂದು ಬರೆದು ಹೊರಗೆ ಹಾಕುತ್ತಾರೆ, ಕಾಕಿಯ ಔಷಧಿ ನಿಂತಿತು ಎಂದೇ ತಿಳಿದೆ. ಮ್ಯಾನೇಜರ್ ನನ್ನ ಮೂಲಕ ಕೇಳಿದ, ಅದನ್ನು ತೆಗೆಯುತ್ತೀರಾ?

ಕಾಕಾ ಕೈ ಮುಗಿದು ನಿಂತಿದ್ದ. ಅವನ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಆ ಕಾಳಜಿಯೇ ಎಲ್ಲದಕ್ಕಿಂತ ಭಯಂಕರವಾಗಿತ್ತು.

"ತೆಗೀ ಅಂದ್ರ ತೆಗೀತೀನ್ರಿ ಸಾಹೇಬ್ರ. ಆದ್ರ ತೆಗದ ಮ್ಯಾಲ ನಿಮಗೇನರೆ ಆದ್ರ ನನ್ನ ಮನಸ್ಸಿಗೆ ಭಾಳ ಕೆಟ್ಟ ಅನಸ್ತೈತಿ."

ನಾನು ಒಂದು ಶಬ್ದ ಬಿಡದೆ ಭಾಷಾಂತರ ಮಾಡಿದೆ.

ಮ್ಯಾನೇಜರ್ ಕಿಟಕಿಯಿಂದ ಕಾರನ್ನು ನೋಡಿದ. ಕಾಕಾನನ್ನು ನೋಡಿದ. ಇರಲಿ ಬಿಡಿ ಎಂದ. ಇದು ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದ. ಮುಂದಿನ ಅಮಾವಾಸ್ಯೆಯ ತನಕ, ಆಮೇಲೆ ಒಣಗುತ್ತದೆ, ಹೊಸದು ಕಟ್ಟಬೇಕು ಎಂದ ಕಾಕಾ. ಬೇರೆ ಯಾರಾದರೂ ಕಟ್ಟಬಹುದೇ ಎಂದು ಮ್ಯಾನೇಜರ್ ಕೇಳಿದ. ಕಾಕಾ ಪ್ರಾಮಾಣಿಕವಾಗಿ ಯೋಚಿಸಿ, ಬ್ಯಾಡ್ರಿ, ಆ ತಪ್ಪು ಮಾಡಿದಾಂವ ನಾನು, ನಾನ ಕಟ್ಟತೀನಿ ಎಂದ.

ಮೂರು ತಿಂಗಳು ಕಳೆಯಿತು. ಕಂಪ್ಯೂಟರಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಾಯಿಯ ಆಹಾರದ್ದು ಮೊದಲು ಹೋಯಿತು, ಸೋಫಾದ್ದು ಆಮೇಲೆ. ಎರಡು ಡಬ್ಬಿಯ ಮಾತು ಬಿಡಿ, ಒಂದು ಡಬ್ಬಿಗೂ ಮಾಲಿಲ್ಲ. ಮಾಲಿಕ ಅರ್ಧಕ್ಕರ್ಧ ಡ್ರೈವರುಗಳನ್ನು ತೆಗೆಯಲು ಹೇಳಿದ. ಹೆಸರಿನ ಪಟ್ಟಿ ಮಾಡಿದವನು ಮ್ಯಾನೇಜರ್. ಎಲ್ಲಕ್ಕಿಂತ ಮೇಲೆ ನನ್ನ ಹೆಸರು ಇತ್ತು. ಅದರಲ್ಲಿ ಆಶ್ಚರ್ಯವಿಲ್ಲ. ಅರ್ಜಿಗೆ ಸಹಿ ಹಾಕಿದ ಇನ್ನೂ ಐದು ಜನರ ಹೆಸರಿತ್ತು. ಮೂವತ್ತರ ವಯಸ್ಸಿನ, ಇಂಗ್ಲಿಷಿನಲ್ಲಿ ಪತ್ರಿಕೆ ಓದುವ, ಇಪ್ಪತ್ತಕ್ಕೆ ಇಪ್ಪತ್ತು ಸರಿ ಬರೆದ ಡ್ರೈವರುಗಳ ಹೆಸರೂ ಇತ್ತು. ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ಓದಿದೆ. ಕಾಕಾನ ಹೆಸರು ಎಲ್ಲೂ ಇರಲಿಲ್ಲ.

ಲಾಕರಿನ ಸಾಮಾನು ತುಂಬಿಕೊಂಡು ಗೇಟಿಗೆ ಹೋದೆ. ಮ್ಯಾನೇಜರ್ ಹಿಂದೆಯೇ ಬಂದ. ಕೊನೆಗೆ ಒಂದು ಮಾತು ಕೇಳಬೇಕು ಎಂದ. ಇಷ್ಟು ವರ್ಷದ ಜಗಳದ ಬಗ್ಗೆ ಏನಾದರೂ ಹೇಳುತ್ತಾನೆ, ಬಹುಶಃ ಕ್ಷಮೆ ಕೇಳುತ್ತಾನೆ ಎಂದು ನಾನು ಪೆಟ್ಟಿಗೆ ಕೆಳಗಿಟ್ಟು, ನೆಟ್ಟಗೆ ನಿಂತೆ. ಉತ್ತರವೂ ತಯಾರಿತ್ತು. ಅವನು ಅತ್ತಿತ್ತ ನೋಡಿದ. ಜೇಬಿನಿಂದ ಸಣ್ಣ ಕ್ಯಾಲೆಂಡರ್ ತೆಗೆದ.

"ಮುಂದಿನ ಅಮಾವಾಸ್ಯೆ ಯಾವಾಗ ಎಂದು ಅವರನ್ನು ಕೇಳಿ ಹೇಳಿ ಹೋಗುತ್ತೀರಾ? ಹೋದ ತಿಂಗಳದ್ದು ಆಗಲೇ ಒಣಗಿದೆ."

ಕೇಳಿದೆ. ಕಾಕಾ ಬೆರಳು ಮಡಚಿ ಎಣಿಸಿ ಹೇಳಿದ. ನಾನು ಭಾಷಾಂತರ ಮಾಡಿದೆ. ಪಗಾರವಿಲ್ಲದೆ.